ಮಡ್‌ಗಾರ್ಡ್ ಇಲ್ಲದ ಗಾಡಿ

ಗದಗ-ಬೆಟಗೇರಿಯ ನಮ್ಮ ವೆಲ್ಡಿಂಗ್ ಶೆಡ್ಡಿನ ಹಿಂದಿನ ಗೋಡೆಗೆ ಒಂದು ಕೆಂಪು ಮಡ್‌ಗಾರ್ಡು ತೂಗುಹಾಕಿದ್ದೇನೆ. ಟ್ರಾಲಿ ರಿಪೇರಿಗೆ ಬಂದ ರೈತರು ಚಹಾ ಬರುವ ತನಕ ಅದನ್ನೇ ನೋಡುತ್ತ ಕುಳಿತು, ಇದು ಯಾವ ಗಾಡಿಯದು ಎಂದು ಕೇಳುತ್ತಾರೆ. ಟ್ರ್ಯಾಕ್ಟರಿಗೆ ಸಣ್ಣದು, ಮೋಟರ್ ಸೈಕಲ್ಲಿಗೆ ಅಗಲ. ಹಳೇ ಸಾಮಾನು ಅಂತಷ್ಟೇ ಹೇಳಿ ಮಾತು ಮುಗಿಸುತ್ತೇನೆ. ಇದರ ಜೊತೆಯ ಇನ್ನು ಮೂರು ಮುಂಡರಗಿ ಕಡೆಯ ಒಂದು ಎರೆಮಣ್ಣಿನ ದಾರಿಯಲ್ಲಿ ಚೂರಾಗಿ ಹೂತುಹೋಗಿವೆ. ಅವನ್ನು ಕೂಡಿಸಿದವನೂ ನಾನೇ, ಕಲ್ಲಿನಿಂದ ಜಜ್ಜಿ ಒಡೆದವನೂ ನಾನೇ. ಆ ಗಾಡಿ ತರಿಸಿದವರು ನಮ್ಮ ಎದುರುಮನೆಯ ನರ್ಸಬಾಯಿಯವರು. ಅವರು ತೀರಿಕೊಂಡು ಎರಡು ತಿಂಗಳಾಯಿತು.

ಅವರ ಹೆಸರು ಬರೆಯುವುದಿಲ್ಲ. ಮೂವತ್ತೈದು ವರ್ಷ ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದ ಆ ಹೆಂಗಸಿಗೆ ಹೆಸರು ಅಂತ ಇದ್ದದ್ದು ಪಗಾರದ ಕಾಗದದ ಮೇಲೆ ಮಾತ್ರ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಿ ಹೋದರೂ ಹಿಂದಿನಿಂದ ನರ್ಸಬಾಯಿ, ಎದುರಿಗೆ ಬಾಯಾರು. ಹೆಸರು ಹಿಡಿದು ಕರೆಯಬೇಕಾದ ಅಣ್ಣಂದಿರು ಶಿರಹಟ್ಟಿಯಲ್ಲಿದ್ದರು. ಅವರು ಕರೆಯುವುದನ್ನೇ ಬಿಟ್ಟಿದ್ದರು. ಕುಡುಕ ಗಂಡನ ಮನೆ ಬಿಟ್ಟು ಬಂದು ನೌಕರಿ ಹಿಡಿದಳೆಂದು ತವರಿನ ಬಾಗಿಲು ಮುಚ್ಚಿತ್ತು. ಪಂಚಮಿ ಹಬ್ಬಕ್ಕೆ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣತಮ್ಮಂದಿರ ಹಿಂದೆ ತವರಿಗೆ ಹೊರಡುವಾಗ ಇವರೊಬ್ಬರೇ ಮನೆಯಲ್ಲಿ ಕೂತು ಉಂಡಿ ಕಟ್ಟುತ್ತಿದ್ದರು. ಕಟ್ಟಿದ್ದನ್ನೆಲ್ಲ ಡಬ್ಬಿಗೆ ತುಂಬಿ ನಮ್ಮ ಶೆಡ್ಡಿನವರಿಗೆ ಕೊಟ್ಟು, ಎಳ್ಳಿನ ಉಂಡಿ ಸ್ವಲ್ಪ ಗಟ್ಟಿಯಾಗಿವೆ, ಹಲ್ಲು ನೋಡಿಕೊಂಡು ತಿನ್ನಿ ಎಂದು ಹೇಳಿ ಹೋಗುತ್ತಿದ್ದರು.

ನಮ್ಮಿಬ್ಬರ ಪರಿಚಯ ಶುರುವಾದದ್ದು ಜಗಳದಿಂದ. ನಿವೃತ್ತರಾಗಿ ಎದುರಿನ ಮನೆಗೆ ಬಂದ ನಾಲ್ಕನೇ ದಿನ ಅವರು ಶೆಡ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತರು. "ನಿಮ್ಮ ಮಷಿನ್ನಿನ ಸಪ್ಪಳದಾಗ ನನ್ನ ಕುಕ್ಕರ್ ಸೀಟಿ ಕೇಳಸೂದಿಲ್ರೀ. ಮೂರು ದಿನದಿಂದ ಸೀದ ಬ್ಯಾಳಿ ಉಣ್ಣಾಕತ್ತೇನಿ" ಎಂದರು. ನಾನೂ ಸುಮ್ಮನಿರುವ ಪೈಕಿ ಅಲ್ಲ. ನನ್ನ ಹೊಟ್ಟೆಪಾಡು ನಿಮ್ಮ ಬೇಳೆಗಿಂತ ಸಣ್ಣದಲ್ಲ ಎಂದೆ. ಕೊನೆಗೆ ನನ್ನ ಹೆಂಡತಿ ನಡುವೆ ಬಂದು, ದಿನಾ ಹನ್ನೊಂದರಿಂದ ಹನ್ನೆರಡು ಗ್ರೈಂಡರ್ ಬಂದ್ ಎಂದು ತೀರ್ಮಾನ ಮಾಡಿದಳು. ಅಂದಿನಿಂದ ಆ ಒಂದು ತಾಸು ನಾವು ಬಣ್ಣ ಬಳಿಯುವುದು, ನಟ್ಟು ಬಿಗಿಯುವುದು ಮಾಡುತ್ತಿದ್ದೆವು. ನಾಲ್ಕು ಸೀಟಿ ಕೇಳಿದ ಮೇಲೆ ಬಾಯಿಯವರೇ ಬಾಗಿಲಿಗೆ ಬಂದು, ಇನ್ನು ಶುರು ಮಾಡಬಹುದು ಎಂದು ಕೈ ಮಾಡುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಅವರು ಮೊಬೈಲ್ ಹಿಡಿದುಕೊಂಡು ಬಂದು ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದಲ್ಲಿ, ಕೊಳವೆಗಳನ್ನು ಬಾಗಿಸಿ ಪಂಜರದಂತೆ ಮಾಡಿದ ಎರಡು ಸೀಟಿನ ಗಾಡಿಯೊಂದು ರಾಡಿಯಲ್ಲಿ ಹಾರಿ ಹಾರಿ ಓಡುತ್ತಿತ್ತು. ನಡುವೆ ಇಂಜಿನ್ನು, ನಾಲ್ಕು ದಪ್ಪ ಗಾಲಿ, ಮೇಲೆ ಹೊದಿಕೆಯಿಲ್ಲ. ಇದನ್ನು ಬಗ್ಗಿ ಅಂತಾರಂತೆ, ಚೀನಾದಿಂದ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದಂತೆ, ನೀವು ಕೂಡಿಸಿ ಕೊಡುತ್ತೀರಾ ಎಂದು ಕೇಳಿದರು. ಮೊಮ್ಮಕ್ಕಳ ಆಟಕ್ಕೇನು ಎಂದು ನಾನು ನಕ್ಕೆ. ಅವರಿಗೆ ಮಕ್ಕಳೇ ಇಲ್ಲವೆಂಬುದು ನನಗೆ ಆಮೇಲೆ ನೆನಪಾಯಿತು. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ನಂಬರು ಸಿಗುವುದಿಲ್ಲ, ಡಾಂಬರು ರಸ್ತೆಗೆ ಇಳಿಸುವ ಹಾಗಿಲ್ಲ ಎಂದು ಮಾರುವವರೇ ಹೇಳಿದ್ದರಂತೆ. ಅದನ್ನೂ ಅವರೇ ತಿಳಿಸಿ, "ಡಾಂಬರ ಇದ್ದಲ್ಲಿ ನಂದೇನ ಕೆಲಸ ಐತ್ರಿ" ಎಂದರು. ನಿವೃತ್ತಿಯಲ್ಲಿ ಬಂದ ದುಡ್ಡಿನ ಬಹುಪಾಲು ಆ ಪೆಟ್ಟಿಗೆಗೆ ಹೋಯಿತು.

ಪೆಟ್ಟಿಗೆ ಬರುವ ಹೊತ್ತಿಗೆ ಮಿರುಗದ ಮಳೆ ಕೂಡಿತ್ತು. ಟ್ರಾನ್ಸ್‌ಪೋರ್ಟಿನ ಲಾರಿಯಿಂದ ಇಳಿಸಿ, ಹಲಗೆ ಕಿತ್ತು ನೋಡಿದರೆ ಒಳಗೆ ಸಣ್ಣ ಸಣ್ಣ ಚೀಲಗಳಲ್ಲಿ ನಟ್ಟು, ಬೋಲ್ಟು, ವಾಷರು, ಮತ್ತೊಂದು ದಪ್ಪ ಪುಸ್ತಕ. ಪುಸ್ತಕದ ಅಕ್ಷರ ನನಗೆ ಕೋಳಿ ಕೆದರಿದ ಹಾಗೆ ಕಂಡಿತು. ನಾನು ಪುಸ್ತಕ ಮೂಲೆಗೆ ಎಸೆದು ಅಂದಾಜಿನ ಮೇಲೆ ಶುರು ಮಾಡಿದೆ. ಅವರು ಅದನ್ನು ಎತ್ತಿಕೊಂಡು, ಧೂಳು ಒರೆಸಿ, ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದರು. ಓದಲು ಬಾರದ ಸೂಲಗಿತ್ತಿಯರಿಗೆ ಅವರು ಚಿತ್ರದ ಹಾಳೆ ತೋರಿಸಿಯೇ ಪಾಠ ಹೇಳಿದವರು. ಬಾಣ ಯಾವ ಕಡೆ ತಿರುಗಿದೆ, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನನಗೂ ಹಾಗೆಯೇ ಹೇಳಿಕೊಟ್ಟರು. ಮೂವತ್ತು ವರ್ಷದ ಮೇಸ್ತ್ರಿ ನಾನು, ಮೂರನೇ ದಿನದಿಂದ ಬಾಯಿ ಮುಚ್ಚಿಕೊಂಡು ಅವರು ಹೇಳಿದ್ದನ್ನು ಮಾಡುತ್ತ ಹೋದೆ.

ಅವರ ಕೆಲಸದ ರೀತಿ ನೋಡುವ ಹಾಗಿತ್ತು. ನೆಲಕ್ಕೆ ಬಿಳಿ ಬಟ್ಟೆ ಹಾಸಿ ನಟ್ಟು ಬಿಚ್ಚುವ ಪಾನಾಗಳನ್ನು ಸಾಲಾಗಿ ಇಡುವರು. ಬೇರಿಂಗ್ ಮುಟ್ಟುವ ಮೊದಲು ನಾವೆಲ್ಲ ಸೋಪು ಹಚ್ಚಿ ಕೈ ತೊಳೆಯಬೇಕು, ಉಗುರು ತೋರಿಸಬೇಕು. ಸಂಜೆ ಪ್ರತಿಯೊಂದನ್ನೂ ಎಣಿಸಿ ಎತ್ತಿಡುವರು. ಒಳಗೆ ಎಷ್ಟು ಹೋದವೋ ಅಷ್ಟು ಹೊರಗೆ ಬರಬೇಕು ಎನ್ನುವರು. ನಮ್ಮ ಶೆಡ್ಡಿನಲ್ಲಿ ಒಂದು ಡಬ್ಬಿಯಿತ್ತು. ಯಾವುದೇ ಇಂಜಿನ್ನು ಬಿಚ್ಚಿ ಮತ್ತೆ ಕೂಡಿಸಿದ ಮೇಲೆ ನಾಲ್ಕಾರು ಬೋಲ್ಟು ಉಳಿದೇ ಉಳಿಯುತ್ತವೆ. ಅವನ್ನು ಆ ಡಬ್ಬಿಗೆ ಹಾಕುವುದು ನಮ್ಮ ಪದ್ಧತಿ. ಅದನ್ನು ನೋಡಿ ಬಾಯಿಯವರು, ಹೊಟ್ಟೆ ಹೊಲಿದ ಮೇಲೆ ಕತ್ತರಿ ಉಳಿದದ್ದನ್ನು ಕಂಡವರ ಹಾಗೆ ಬೆಚ್ಚಿದರು. ಬಗ್ಗಿ ಕೂಡಿಸಿದಾಗಲೂ ಒಂದು ಬೋಲ್ಟು ಉಳಿಯಿತು. ಅದು ಸೀಟಿನ ಬೆಲ್ಟಿನದು ಎಂದು ಗೊತ್ತಾಗುವ ತನಕ, ಅರ್ಧ ದಿನ, ಇಂಜಿನ್ನು ಮುಟ್ಟಲು ಬಿಡಲಿಲ್ಲ. ನಾನು ಅವಸರ ಮಾಡಿದಾಗೆಲ್ಲ ಒಂದೇ ಮಾತು: "ಗಡಿಬಿಡಿ ಮಾಡಬ್ಯಾಡ್ರಿ, ಜಲ್ದಿ ಮಾಡ್ರಿ." ಮೊದಲ ಸಲ ಇಂಜಿನ್ನು ಕೆಮ್ಮಿ ಶುರುವಾದಾಗ ನಾವು ಗಾಡಿ ನೋಡಿದರೆ ಅವರು ಗಡಿಯಾರ ನೋಡಿದರು. ಹನ್ನೊಂದು ಇಪ್ಪತ್ತು ಎಂದು ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಬರೆದರು. ಕೂಸು ಹುಟ್ಟಿದ ಹೊತ್ತು ಬರೆದು ಬರೆದು ರೂಢಿಯಾಗಿಬಿಟ್ಟಿದೆ ಎಂದು ತಾವೇ ನಕ್ಕರು.

ಈ ಬಗ್ಗಿ ಯಾಕೆ ಎಂಬುದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಇಬ್ಬರೂ ಕೂತು ಸೀಮೆಎಣ್ಣೆಯಲ್ಲಿ ಬೋಲ್ಟು ತೊಳೆಯುತ್ತಿದ್ದಾಗ. ಮುಂಡರಗಿಯ ಆಚೆ ಒಂದು ಸಣ್ಣ ಊರು. ಡಾಂಬರು ಒಂದು ಬೇವಿನ ಗಿಡದ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಮೂರು ಕಿಲೋಮೀಟರು ಬರೀ ಎರೆಮಣ್ಣು. ಇಪ್ಪತ್ತೆರಡು ವರ್ಷದ ಹಿಂದೆ, ಹಸ್ತಾ ಮಳೆಯಲ್ಲಿ, ಆ ಊರಿನ ನೀಲವ್ವ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆ ಬೇನೆ ಬಂತು. ಕರೆ ಬಂದ ಕೂಡಲೇ ಬಾಯಿಯವರು ಹೊರಟರು. ಬೇವಿನ ಗಿಡದಿಂದ ಆಚೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ಒಂದು ಹೆಜ್ಜೆಗೆ ಎರಡು ಸೇರು ಮಣ್ಣು ಕಾಲಿಗೆ ಮೆತ್ತುವ ನೆಲ ಅದು. ಹೋಗಿ ಮುಟ್ಟಿದಾಗ ಕೂಸು ಹುಟ್ಟಿ ಒಂದು ತಾಸಾಗಿತ್ತು, ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ. ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ, ಬನ್ನಿಗಿಡದ ಹತ್ತಿರ, ಗಾಲಿಗೆ ಮಣ್ಣು ತುಂಬಿ ಎತ್ತುಗಳು ಮೊಣಕಾಲೂರಿ ಕೂತವು. ನೀಲವ್ವ ಅಲ್ಲಿಯೇ ಹೋದಳು, ಬಾಯಿಯವರ ಕೈ ಅವಳ ಹೊಟ್ಟೆಯ ಮೇಲೆ ಇರುವಾಗಲೇ. ಆಗ ಅವಳ ತಾಯಿ ಅಳಲಿಲ್ಲ, ಬಯ್ಯಲಿಲ್ಲ. ಬಾಯಿಯವರ ಮುಖ ನೋಡಿ, "ತಡಾ ಮಾಡಿದ್ಯಲ್ಲ ಬಾಯಿ" ಎಂದಷ್ಟೇ ಅಂದಳಂತೆ.

ಉಳಿದ ಕೂಸು ರೇಣುಕಾ. ನೀಲವ್ವನ ತಾಯಿ, ಆ ಅಜ್ಜಿಯೇ ಸಾಕಿ, ಲಕ್ಷ್ಮೇಶ್ವರಕ್ಕೆ ಕೊಟ್ಟು ಮದುವೆ ಮಾಡಿದ್ದಳು. ಗಂಡನ ಮನೆಯಿಂದ ದವಾಖಾನೆ ನಾಲ್ಕು ಹೆಜ್ಜೆ. ಅವಳೀಗ ಬಸುರಿ, ದಿನ ತುಂಬುವುದು ಸರಿಯಾಗಿ ಹಸ್ತಾ ಮಳೆಯಲ್ಲಿ. ಸೀಮಂತದ ಕುಬಸ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುತ್ತೇನೆ ಎಂದು ಅಜ್ಜಿ ಹಟ ಹಿಡಿದಿದ್ದಳು. ಡಾಂಬರು, ದವಾಖಾನೆ ಬಿಟ್ಟು ಅದೇ ಕೆಸರಿನ ಊರಿಗೆ. ಬಾಯಿಯವರು ಎರಡು ಸಲ ಹೋಗಿ ಬುದ್ಧಿ ಹೇಳಿ ಬಂದಿದ್ದರು. ಗದಗಿನಲ್ಲಿ ನನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದ್ದರು. ಅದಕ್ಕೆ ಅಜ್ಜಿ ಕೊಟ್ಟ ಉತ್ತರವನ್ನು ನನಗೆ ಅವಳ ದನಿಯಲ್ಲೇ ಹೇಳಿ ತೋರಿಸಿದರು: "ತಾಯಿ ಇಲ್ಲದ ಕೂಸು ಅದು, ಬಾಯಿ. ಅದಕ ತವರೂ ಇಲ್ದಂಗ ಮಾಡಬ್ಯಾಡ."

ಎಂಥವರಿಗೂ ಎದುರುತ್ತರ ಕೊಡುವ ಹೆಂಗಸು ಆ ಮಾತಿಗೆ ಸುಮ್ಮನೆ ಎದ್ದು ಬಂದಿದ್ದರು. ತವರು ಇಲ್ಲದ್ದು ಅಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರೇಣುಕಾಳನ್ನು ಈ ಕಡೆ ತರಲಾಗದಿದ್ದರೆ ಗಾಡಿಯನ್ನೇ ಆ ಕಡೆ ಒಯ್ಯಬೇಕು. ಟ್ರ್ಯಾಕ್ಟರು ಭಾರ, ಹಸಿ ಎರೆಯಲ್ಲಿ ಕೂತುಬಿಡುತ್ತದೆ, ಬಾಣಂತಿಗೆ ಕುಲುಕಾಟ ಬೇರೆ. ಹಗುರ ಇರುವ, ಮಣ್ಣಿನ ಮೇಲೆ ತೇಲುವಂಥದ್ದು ಬೇಕು. ಇಷ್ಟು ಹೇಳಿ ಮತ್ತೆ ಬೋಲ್ಟು ತೊಳೆಯತೊಡಗಿದರು. ನನ್ನನ್ನು ಅವರು ತಮ್ಮಾ, ನೀ ಎಂದು ಕರೆಯಲು ಶುರು ಮಾಡಿದ್ದು ಆ ದಿನದಿಂದ. ನನ್ನ ಸ್ವಂತ ಅಕ್ಕನೂ ನನ್ನನ್ನು ಅಷ್ಟು ಅಧಿಕಾರದಿಂದ ತಮ್ಮಾ ಎಂದವಳಲ್ಲ.

ಇನ್ನು ಮಡ್‌ಗಾರ್ಡಿನ ವಿಷಯ. ಕೊನೆಯ ದಿನ, ಬುಡಕ್ಕೆ ಕಬ್ಬಿಣದ ಪಟ್ಟಿಯಿದ್ದ ನಾಲ್ಕು ಕೆಂಪು ಪ್ಲಾಸ್ಟಿಕ್ ಮಡ್‌ಗಾರ್ಡು ಉಳಿದಿದ್ದವು. ಬಾಯಿಯವರು ಅವನ್ನು ನೋಡಿದವರೇ, ಇವು ಬೇಡ ಎಂದರು. ಎರೆಸೀಮೆಯ ಹಳ್ಳಿಗಳಲ್ಲಿ ಮಳೆಗಾಲ ಶುರುವಾದರೆ ಸೈಕಲ್ಲಿನ ಮಡ್‌ಗಾರ್ಡನ್ನೂ ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ, ಗಾಲಿಗೂ ಅದಕ್ಕೂ ನಡುವೆ ಮಣ್ಣು ತುಂಬಿದರೆ ಗಾಲಿ ತಿರುಗುವುದಿಲ್ಲ ಎಂದು ವಿವರಿಸಿದರು. ನಾನು ನೇಕಾರರ ಓಣಿಯಲ್ಲಿ ಹುಟ್ಟಿದವನು. ಮಗ್ಗ ನೋಡಿದ್ದೆ, ವೆಲ್ಡಿಂಗ್ ಕಲಿತಿದ್ದೆ, ಹಸಿ ಎರೆಯಲ್ಲಿ ಕಾಲಿಟ್ಟವನಲ್ಲ. ಸೈಕಲ್ಲಿನ ಮಾತು ಬೇರೆ, ಇದು ಪರದೇಶದ ಗಾಡಿ, ತಯಾರು ಮಾಡಿದವರೇನು ಹುಚ್ಚರೇ ಎಂದು ವಾದ ಹಾಕಿದೆ. ನಾಳೆ ಪೂಜೆ, ಓಣಿಯೆಲ್ಲ ನೋಡಲು ಬರುತ್ತದೆ, ಹೊಸ ಗಾಡಿ ಬೋಳು ಬೋಳು ನಿಂತರೆ ಕೂಡಿಸಿದವನ ಮರ್ಯಾದೆ ಏನು ಎಂದೂ ಹೇಳಿದೆ. ಖರೆ ಹೇಳಬೇಕೆಂದರೆ ಇದೊಂದೇ ಕಾರಣ. ಅವರು ಅಂದು ಯಾಕೋ ದಣಿದಿದ್ದರು. ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು, ಆಯಿತು, ನಿನ್ನ ಶೆಡ್ಡು, ನಿನ್ನ ಇಷ್ಟ ಎಂದುಬಿಟ್ಟರು. ಅವರು ಮನೆಗೆ ಹೋದ ಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ಗಾಡಿ ಕುಲುಕಿದರೆ ನಟ್ಟು ಸಡಿಲಾದೀತು ಎಂದು ಮಡ್‌ಗಾರ್ಡಿನ ಪ್ರತಿ ನಟ್ಟಿಗೂ ಒಂದೊಂದು ಚುಕ್ಕಿ ವೆಲ್ಡಿಂಗ್ ಹೊಡೆದೆ. ವೆಲ್ಡರುಗಳ ಕೈಚಟ ಇದು. ಅವರಿಗೆ ಹೇಳಲಿಲ್ಲ.

ಪೂಜೆಯಾಯಿತು. ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು, ಮುಂದೆ ತೆಂಗಿನಕಾಯಿ, ಪಂಜರದ ತುಂಬ ಚೆಂಡುಹೂವು. ಬಾಯಾರ ಜೀಪು ಬಂತು ಎಂದು ಓಣಿಯವರು ತಮಾಷೆ ಮಾಡಿದರು. ಬಗ್ಗಿಯನ್ನು ಟ್ರಾಲಿಗೆ ಏರಿಸಿ ಬಿಂಕದಕಟ್ಟಿ ಕಡೆಯ ಒಂದು ಒಣ ಬಯಲಿಗೆ ಒಯ್ದೆವು. ಬಾಯಿಯವರು ಸೆರಗು ಸೊಂಟಕ್ಕೆ ಬಿಗಿದು, ನನ್ನ ಗ್ರೈಂಡಿಂಗ್ ಕನ್ನಡಕ ಏರಿಸಿ, ಸ್ಟೇರಿಂಗ್ ಹಿಡಿದು ಕೂತರು. ಹಳೇ ಮೊಪೆಡ್ಡಿನ ಅನುಭವದ ಮೇಲೆ ಗಾಡಿಯನ್ನು ಬೆದರಿದ ಹೋರಿಯ ಹಾಗೆ ಎರಡು ಸುತ್ತು ಓಡಿಸಿದರು. ಮೂರನೇ ಸುತ್ತಿಗೆ ಕೈ ಪಳಗಿತು. ಒಂದು ಒಡ್ಡು ಹಾರಿಸಿದಾಗ ಅವರು ಗಟ್ಟಿಯಾಗಿ ನಕ್ಕದ್ದು ನನಗೆ ಈ ಕಡೆಗೆ ಕೇಳಿಸಿತು. ಅಷ್ಟು ಬಾಯಿತುಂಬ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗಾಡಿಯನ್ನು ಬೇವಿನ ಗಿಡದ ಕೆಳಗಿನ ಚಹಾದಂಗಡಿಯ ತಗಡಿನ ಮಾಡಿನಲ್ಲಿ ಬಿಟ್ಟು ಬಂದೆವು. ಆ ಊರಿನಲ್ಲಿ ಆಗಿನ್ನೂ ಅದನ್ನು ನಡೆಸಬಲ್ಲವರಿರಲಿಲ್ಲ, ಒಳಗೆ ಹೋಗಬೇಕಾದವರು ಬಾಯಿಯವರೇ. ದಿನ ತುಂಬಲು ಒಂದು ವಾರ ಇರುವಾಗ ತಾವೇ ಹೋಗಿ ಅಜ್ಜಿಯ ಮನೆಯಲ್ಲಿ ಇರುವುದೆಂದು ಚೀಲ ಕಟ್ಟಿದ್ದರು. ಆದರೆ ಬೇನೆ ಹನ್ನೆರಡು ದಿನ ಮೊದಲೇ ಬಂತು. ಎರಡು ದಿನದಿಂದ ಬಿಡದೆ ಮಳೆ. ಆ ಊರಿನ ಆಶಾ ಕಾರ್ಯಕರ್ತೆ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದಳು. ಆಂಬುಲೆನ್ಸಿಗೆ ಹೇಳಿದ್ದೇನೆ, ಅದು ಬೇವಿನ ಗಿಡದ ತನಕವೇ ಬರುವುದು ಎಂದಳು. ನನ್ನ ಟೆಂಪೋದಲ್ಲಿ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಬಾಯಿಯವರು ಮಡಿಲಲ್ಲಿ ಚೀಲ ಹಿಡಿದು ಕೂತಿದ್ದರು.

ಬಗ್ಗಿ ಒಂದೇ ಸಲಕ್ಕೆ ಶುರುವಾಯಿತು. ಅವರು ನಡೆಸಿದರು, ನಾನು ಪಕ್ಕದಲ್ಲಿ. ಅರ್ಧ ಕಿಲೋಮೀಟರು ಚೆನ್ನಾಗಿಯೇ ಹೋದೆವು. ಆಮೇಲೆ ಗಾಡಿ ಭಾರವಾಗತೊಡಗಿತು. ಒಂದು ಕಿಲೋಮೀಟರು ದಾಟುವುದರಲ್ಲಿ ಇಂಜಿನ್ನು ಕೂಗಿಕೊಂಡರೂ ಗಾಲಿ ತಿರುಗಲಿಲ್ಲ. ಇಳಿದು ನೋಡಿದರೆ ನಾಲ್ಕೂ ಮಡ್‌ಗಾರ್ಡಿನೊಳಗೆ ಎರೆಮಣ್ಣು ಕಲ್ಲಿನ ಹಾಗೆ ತುಂಬಿ ಕೂತಿತ್ತು. ಅವರು ನನ್ನ ಕೈಗೆ ಪಾನಾ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ನಿಂತೆ. ನಟ್ಟು ಬಿಚ್ಚಲು ಬರುವುದಿಲ್ಲ, ವೆಲ್ಡಿಂಗ್ ಹೊಡೆದಿದ್ದೇನೆ ಎಂದು ಹೇಳಿದೆ. ಮಳೆ ಸುರಿಯುತ್ತಿತ್ತು. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಇಂದು ಎಷ್ಟೋ ನೆಮ್ಮದಿಯಿಂದ ಇರುತ್ತಿದ್ದೆ. ಅವರು ಬಾಗಿ ಚಪ್ಪಲಿ ಕೈಗೆ ತೆಗೆದುಕೊಂಡರು, ಚೀಲ ತಲೆಯ ಮೇಲೆ ಇಟ್ಟುಕೊಂಡರು.

"ನಾ ನಡೀತೇನಿ. ನೀ ಗಾಡಿ ತೊಗೊಂಡ ಬಾ. ಗಡಿಬಿಡಿ ಮಾಡಬ್ಯಾಡ ತಮ್ಮಾ, ಜಲ್ದಿ ಮಾಡು" ಎಂದು ಹೇಳಿ ಹೊರಟರು.

ಅರವತ್ತು ದಾಟಿದ ಹೆಂಗಸು, ಇಪ್ಪತ್ತೆರಡು ವರ್ಷದ ಹಿಂದೆ ನಡೆದ ಅದೇ ಮಣ್ಣಿನಲ್ಲಿ, ಹೆಜ್ಜೆ ಕಿತ್ತು ಹೆಜ್ಜೆ ಇಡುತ್ತ ಹೋಗುವುದನ್ನು ನಾನು ನೋಡಿದೆ. ಎರಡು ಸಲ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡರು. ಅದು ಏದುಸಿರು ಎಂದುಕೊಂಡೆ. ಬದುವಿನಲ್ಲಿ ಒಂದು ಕಲ್ಲು ಸಿಕ್ಕಿತು. ಅದರಿಂದ ಮೂರು ಮಡ್‌ಗಾರ್ಡುಗಳನ್ನು ಜಜ್ಜಿ ಪುಡಿ ಮಾಡಿದೆ, ನಾಲ್ಕನೆಯದು ಬುಡದ ಪಟ್ಟಿ, ನಟ್ಟು ಸಮೇತ ಕಿತ್ತು ಬಂತು. ಬೆರಳಿನಿಂದ, ಪಾನಾದಿಂದ ಮಣ್ಣು ಕೆದರಿದೆ. ಅಳುತ್ತಲೇ ಮಾಡಿದೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ಒಂದೂವರೆ ತಾಸಿನ ಮೇಲೆ ಗಾಡಿ ಮತ್ತೆ ಹೊರಟಿತು. ಮಡ್‌ಗಾರ್ಡ್ ಇಲ್ಲದ ಗಾಲಿಗಳು ಮಣ್ಣನ್ನು ತಲೆಯ ಮೇಲಿಂದ ಎಸೆಯುತ್ತ ಓಡಿದವು. ಅವರು ಹೇಳಿದ್ದು ಅಕ್ಷರಶಃ ಖರೆಯಾಗಿತ್ತು.

ಅಜ್ಜಿಯ ಮನೆ ಮುಟ್ಟಿದಾಗ ಒಳಗಿನಿಂದ ಕೂಸಿನ ಅಳು ಕೇಳಿತು. ಬಾಯಿಯವರು ಬಾಗಿಲಿಗೆ ಬಂದು ಮೊದಲು ಕೇಳಿದ್ದು ಟೈಮ್ ಎಷ್ಟು ಎಂದು. ಅವರ ಗಡಿಯಾರದೊಳಗೆ ನೀರು ಹೋಗಿ ನಿಂತಿತ್ತು. ಕೂಸನ್ನು ಅವರೇ ಹಿಡಿದಿದ್ದರು, ಹೆಣ್ಣು. ಆದರೆ ರೇಣುಕಾಳಿಗೆ ತಾಯಿಯ ಹಾಗೆಯೇ ರಕ್ತ ಹೋಗುತ್ತಿತ್ತು. ಗರ್ಭಕೋಶ ಗಟ್ಟಿಯಾಗುವ ತನಕ ಹೊಟ್ಟೆಯನ್ನು ಒತ್ತಿ ತಿಕ್ಕುತ್ತಲೇ ಇರಬೇಕಂತೆ. ನಾನು ಸ್ಟೇರಿಂಗ್ ಹಿಡಿದೆ, ಬಾಯಿಯವರು ಪಕ್ಕದ ಸೀಟಿನಲ್ಲಿ ಕೂತು ಅವಳನ್ನು ಮಡಿಲಿಗೆ ಒರಗಿಸಿಕೊಂಡರು, ಕೌದಿಯಲ್ಲಿ ಸುತ್ತಿದ ಕೂಸನ್ನು ಅವಳ ಎದೆಗೆ ಕಟ್ಟಿದರು. ಮಣ್ಣು ಹಾರಿ ಬೀಳದಂತೆ ಇಬ್ಬರ ಮೇಲೂ ಬಾಗಿ ತಮ್ಮ ಬೆನ್ನನ್ನೇ ಸೂರು ಮಾಡಿದರು. ಅಜ್ಜಿಗೆ ಜಾಗವಿರಲಿಲ್ಲ, ಅವಳು ಗಾಡಿಯ ಹಿಂದೆ ಕೆಸರಿನಲ್ಲಿ ಓಡುನಡಿಗೆಯಲ್ಲಿ ಬಂದಳು. ಸ್ವಲ್ಪ ದೂರ ಹೋದ ಮೇಲೆ ಬಾಯಿಯವರು ಬಾಗಿದಲ್ಲಿಂದಲೇ ಕೇಳಿದರು:

"ಬನ್ನಿಗಿಡ ದಾಟಿತೇನ?"

"ದಾಟೇತ್ರಿ ಬಾಯಾರ, ಹಿಂದ ಬಿತ್ತು" ಎಂದೆ.

ಬೇವಿನ ಗಿಡದ ಹತ್ತಿರ ಆಂಬುಲೆನ್ಸು ನಿಂತಿತ್ತು. ಮುಂಡರಗಿಯ ದವಾಖಾನೆಯಲ್ಲಿ ರಕ್ತ ಕೊಟ್ಟರು, ಸಂಜೆಗೆ ರೇಣುಕಾ ಕಣ್ಣು ಬಿಟ್ಟಳು. ಕೂಸಿಗೆ ನೀಲವ್ವ ಎಂದೇ ಹೆಸರಿಟ್ಟರು. ಬಾಯಿಯವರು ಬಗ್ಗಿಯನ್ನು ಅಲ್ಲಿಯೇ ಬಿಟ್ಟು, ರೇಣುಕಾಳ ಸೋದರಮಾವನಿಗೆ ನಡೆಸುವುದನ್ನು ಕಲಿಸಿ ಬಂದರು. ಆ ಮಳೆಗಾಲ ಮುಗಿಯುವುದರಲ್ಲಿ ಅದು ಒಬ್ಬ ಹಾವು ಕಚ್ಚಿದವನನ್ನೂ ಇಬ್ಬರು ಬಸುರಿಯರನ್ನೂ ಹೊರಗೆ ತಂದಿತು ಎಂದು ಕೇಳಿದೆ.

ನಾನು ಮಾತ್ರ ಅವರಿಗೆ ಮುಖ ತೋರಿಸದೆ ತಿರುಗಿದೆ. ಹದಿನೈದು ದಿನದ ಮೇಲೆ ಅವರೇ ಶೆಡ್ಡಿಗೆ ಬಂದರು. ಕಿತ್ತುಬಂದ ಮಡ್‌ಗಾರ್ಡು ಕೈಯಲ್ಲಿತ್ತು. ತಪ್ಪಾಯಿತು ಎಂದು ಹೇಳಲು ನಾನು ಬಾಯಿ ತೆಗೆದೆ. ಅವರು ಮಡ್‌ಗಾರ್ಡು ತಿರುಗಿಸಿ, ಒಡೆಯದೆ ಉಳಿದಿದ್ದ ಆ ವೆಲ್ಡಿಂಗ್ ಚುಕ್ಕಿಯನ್ನು ಬೆರಳಿನಿಂದ ಸವರಿದರು. "ನಿನ್ನ ಕೆಲಸ ಗಟ್ಟಿ ಐತಿ ತಮ್ಮಾ. ಗಟ್ಟಿ ಮಾಡೋದು ತಪ್ಪಲ್ಲ. ಬಿಚ್ಚಾಕ ಬರಂಗ ಮಾಡಬೇಕು" ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ. ಅವರು ಹೋದ ಮೇಲೆ ನಾನು ಅದನ್ನು ಗೋಡೆಗೆ ತೂಗುಹಾಕಿದೆ.

ಈ ವರ್ಷದ ಮಳೆಗಾಲದಲ್ಲಿ ಒಂದು ದಿನ, ಹನ್ನೊಂದರ ಮೇಲೆ, ಗ್ರೈಂಡರ್ ಬಂದ್ ಇದ್ದ ಹೊತ್ತು. ಎದುರುಮನೆಯ ಕುಕ್ಕರ್ ನಾಲ್ಕು ಸೀಟಿ ಹೊಡೆಯಿತು. ಐದು, ಆರು, ಏಳು ಹೊಡೆಯಿತು. ನನ್ನ ಹೆಂಡತಿ ಓಡಿದಳು. ಬಾಯಿಯವರು ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದರು, ಮಡಿಲಲ್ಲಿ ಅರ್ಧ ಸೋಸಿದ ಮೆಂತ್ಯದ ಸೊಪ್ಪು. ಹೊಲಿಗೆಯ ಡಬ್ಬಿಯಲ್ಲಿ ಹೃದಯದ ಗುಳಿಗೆಗಳು ಸಿಕ್ಕವು, ಎರಡು ವರ್ಷದ ಚೀಟಿಗಳ ಸಮೇತ. ಅವರ ಹೃದಯ ಮೊದಲೇ ಸೋತಿತ್ತು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಅದೇ ಹೆಚ್ಚು ಚುಚ್ಚಿತು. ಸೋತ ಹೃದಯದ ಹೆಂಗಸನ್ನು, ನನ್ನ ಶೆಡ್ಡಿನ ಮರ್ಯಾದೆಗೋಸ್ಕರ, ಎರೆಮಣ್ಣಿನಲ್ಲಿ ನಡೆಸಿದವನು ನಾನು.

ಶಿರಹಟ್ಟಿಯ ಅಣ್ಣಂದಿರಿಗೆ ಫೋನ್ ಮಾಡಿದೆವು. ನೀವೇ ಮುಂದೆ ನಡೆಸಿರಿ ಎಂದು ಆ ಕಡೆಯಿಂದ ಹೇಳಿ ಇಟ್ಟುಬಿಟ್ಟರು. ಮರುದಿನ ಬೆಳಿಗ್ಗೆ ಓಣಿಯ ಜನ ಸೇರಿದರು. ಲಕ್ಷ್ಮೇಶ್ವರದಿಂದ ರೇಣುಕಾ ಕೂಸನ್ನು ಎತ್ತಿಕೊಂಡು ಮೊದಲ ಬಸ್ಸಿಗೇ ಬಂದು ತಲೆಯ ಹತ್ತಿರ ಕೂತಿದ್ದಳು. ಸ್ನಾನ ಮಾಡಿಸಿಯಾಗಿತ್ತು. ಹೆಣ್ಣುಮಗಳು ಮಣ್ಣಿಗೆ ಹೋಗುವಾಗ ಮೈಮೇಲೆ ತವರಿನ ಸೀರೆ ಬೀಳಬೇಕು. ಎಷ್ಟೇ ಬಡವರಾಗಲಿ, ಎಷ್ಟೇ ಜಗಳವಿರಲಿ, ಆ ಸೀರೆ ತಪ್ಪುವುದಿಲ್ಲ. ತವರಿನವರು ಯಾರಾದರೂ ಬಂದಿದ್ದಾರೆಯೇ ಎಂದು ಹಿರಿಯರೊಬ್ಬರು ಕೇಳಿದರು. ಮತ್ತೊಮ್ಮೆ ಕೇಳಿದರು. ರೇಣುಕಾ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಹೊತ್ತು ಮೀರುತ್ತದೆ ಎಂದು ನನ್ನ ಹೆಂಡತಿ ತನ್ನದೊಂದು ಹೊಸ ಸೀರೆ ತರಲು ಎದ್ದಳು.

ಆಗ ಓಣಿಯ ಕೊನೆಯಲ್ಲಿ ಒಂದು ಆಟೋ ನಿಂತಿತು. ಅದರಿಂದ ರೇಣುಕಾಳ ಸೋದರಮಾವ ಇಳಿದ, ಅವನ ಕೈ ಹಿಡಿದು ಅಜ್ಜಿ ಇಳಿದಳು. ಹಿಂದಿನ ದಿನ ಸಂಜೆಯಿಂದ ಆ ಕಡೆ ಬಿಡದೆ ಮಳೆ. ಅಜ್ಜಿಯ ತಲೆಗೂದಲು, ಮುಖ, ಕುಬುಸ, ಸೀರೆ ಎಲ್ಲ ಕಪ್ಪು ಮಣ್ಣು. ಮಡ್‌ಗಾರ್ಡ್ ಇಲ್ಲದ ಗಾಡಿಯಲ್ಲಿ ಮೂರು ಕಿಲೋಮೀಟರು ಬಂದು, ಬಸ್ಸು ಹಿಡಿದು, ಅದೇ ಮಣ್ಣಿನಲ್ಲಿ ಗದಗಿಗೆ ಇಳಿದಿದ್ದಳು. ಬಿಳಿ ಅಂಗಿ ತೊಟ್ಟು ನಿಂತವರು ಸರಿದು ದಾರಿ ಬಿಟ್ಟರು. ನೀವು ಯಾರು ಎಂದು ಹಿರಿಯರು ಕೇಳಿದರು.

"ತವರಮನ್ಯಾರು" ಎಂದಳು ಅಜ್ಜಿ.

ಸೊಂಟಕ್ಕೆ ಕಟ್ಟಿಕೊಂಡಿದ್ದ ಗೊಬ್ಬರದ ಚೀಲ ಬಿಚ್ಚಿದಳು. ಅದರೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಹಸಿರು ಇಳಕಲ್ ಸೀರೆ. ಬಾಯಿಯವರ ಪಾದದ ಹತ್ತಿರ ಕೂತು, ಸೀರೆ ಮುಟ್ಟಿದರೆ ಮಣ್ಣಾದೀತೆಂದು ಕೈಗಳನ್ನು ದೂರ ಹಿಡಿದುಕೊಂಡು, ಅವರ ಮುಖ ನೋಡಿ ಮೆಲ್ಲಗೆ ಕೇಳಿದಳು.

"ನಾ ತಡಾ ಮಾಡ್ಲಿಲ್ಲಲ್ಲ, ಬಾಯಿ?"

ನನ್ನ ಹೆಂಡತಿ ಮುಂದೆ ಬಂದು ಚೀಲದಿಂದ ಸೀರೆ ತೆಗೆದಳು. ಎಲ್ಲಿಯೂ ಒಂದು ಹನಿ ನೀರು ತಾಗಿರಲಿಲ್ಲ.